ಉಸಿರಾಡುವ ಗಣಕ ದೇಹ

ಸಿಟಿ ಸ್ಕ್ಯಾನ್‌ಗಳ ವಿಕಿರಣ ಪ್ರಮಾಣವನ್ನು ಲೆಕ್ಕ ಹಾಕುವುದು ನನ್ನ ಕೆಲಸ. ಅದಕ್ಕೇ ಎಕ್ಸ್‌ಕ್ಯಾಟ್ ಮಾದರಿಯ ಮೇಲೆ ನನಗೆ ಅಷ್ಟು ಅಭಿಮಾನ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪಾಲ್ ಸೆಗರ್ಸ್ ಮತ್ತು ಸಂಗಡಿಗರು ಬೆಳೆಸಿದ, ಕಂಪ್ಯೂಟರ್‌ನೊಳಗಷ್ಟೇ ಇರುವ ಗಣಕೀಕೃತ ಮಾನವ ದೇಹವಿದು. ಹೃದಯ ಬಡಿಯುತ್ತದೆ, ಎದೆಗೂಡು ಹಿಗ್ಗಿ ಕುಗ್ಗುತ್ತದೆ. ಅದರ ಶ್ವಾಸಕೋಶದಲ್ಲಿ ನಾವೇ ಒಂದು ಗಡ್ಡೆಯನ್ನಿಟ್ಟು, ಉಸಿರಾಟದಿಂದ ಚಿತ್ರ ಎಷ್ಟು ಮಸುಕಾಗುತ್ತದೆಂದು ಅಳೆಯಬಹುದು. ಗಡ್ಡೆಯ ನಿಜ ಗಾತ್ರ ಮೊದಲೇ ಗೊತ್ತಿರುವುದರಿಂದ ಚಿತ್ರವನ್ನು ಒರೆಗೆ ಹಚ್ಚಲು ಸಾಧ್ಯ. ರೋಗಿಯಲ್ಲಿ ಹೀಗೆ ಮಾಡಲಾದೀತೇ? ಯಾರ ಮೈಗೂ ವಿಕಿರಣ ತಾಗುವುದಿಲ್ಲ, ನನಗೆ ಅದೇ ದೊಡ್ಡ ಮಾತು.

ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗವು ವಿಕಿರಣದ ಲೆಕ್ಕಕ್ಕೆಂದು 2009ರಲ್ಲಿ ಪ್ರಕಟಿಸಿದ ಇಂಥದೇ ಗಣಕ ದೇಹಗಳಲ್ಲಿ ಪುರುಷ ಮಾದರಿಯ ಎತ್ತರ 176 ಸೆಂ.ಮೀ., ತೂಕ 73 ಕೆ.ಜಿ. ನಮ್ಮಲ್ಲಿಗೆ ಬರುವ ಸಣಕಲು ಅಜ್ಜಂದಿರಿಗೆ ಈ ಅಳತೆ ಹೊಂದುವುದಿಲ್ಲ. ಸಣ್ಣ ದೇಹದ ಒಳ ಅಂಗಗಳಿಗೆ ಅದೇ ಸ್ಕ್ಯಾನ್‌ನಿಂದ ಹೆಚ್ಚು ವಿಕಿರಣ ತಲುಪುತ್ತದೆ. ಹಾಗಾಗಿ ನಮ್ಮವರ ಮೈಕಟ್ಟಿನ ಮಾದರಿಗಳು ಬೇಕೇ ಬೇಕು.