ಪಿಯಾನೊ ಇದೆಯೋ ಇಲ್ಲವೋ: ಜಾಝ್ ಗಿಟಾರ್ ಆಲಿಕೆಯ ಎಂಟು ವಾರ

ಯೋಜನೆ ಇಷ್ಟೇ. ಜಾಝ್ ಗಿಟಾರ್‌ನ ಹದಿನೈದರಷ್ಟು ರೆಕಾರ್ಡಿಂಗ್‌ಗಳನ್ನು ಇಸವಿಯ ಪ್ರಕಾರವಲ್ಲ, ವಾದಕರ ಪ್ರಕಾರವೂ ಅಲ್ಲ, ಒಂದೇ ಒಂದು ಪ್ರಶ್ನೆಯ ಸುತ್ತ ಜೋಡಿಸಿ ಕೇಳುವುದು: ಗಿಟಾರ್ ಸೋಲೊ ನಡೆಯುವಾಗ ಹಿಂದೆ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು) ಹಿಡಿಯುವವರು ಯಾರು? ಪಿಯಾನೊ ಇರಬಹುದು, ಆರ್ಗನ್ ಇರಬಹುದು, ಇನ್ನೊಂದು ಗಿಟಾರ್ ಇರಬಹುದು. ಯಾರೂ ಇಲ್ಲದೆಯೂ ಇರಬಹುದು.

ಈ ಪ್ರಶ್ನೆಯೇ ಯಾಕೆಂದರೆ, ಪಿಯಾನೊ ಮತ್ತು ಗಿಟಾರ್ ಎರಡೂ ಕಾರ್ಡ್ ಹಿಡಿಯುವುದು ಹೆಚ್ಚುಕಡಿಮೆ ಒಂದೇ ಮಧ್ಯದ ಸ್ಥಾಯಿಯಲ್ಲಿ. ಪಿಯಾನೊದ ಕಡೆ ಹತ್ತು ಬೆರಳು. ಗಿಟಾರ್‌ನ ಎಡಗೈಯಲ್ಲಿ ನಾಲ್ಕು. ಪಿಯಾನೊ ಕೂತಿದ್ದರೆ ಗಿಟಾರ್ ಒಂಟಿ ಸ್ವರಗಳ ಸಾಲಿಗೆ ಸರಿಯುತ್ತದೆ. ಪಿಯಾನೊ ಎದ್ದು ಹೋದರೆ ಅದೇ ವಾದಕರ ಕೈ ಬೇರೆಯೇ ಕೆಲಸಕ್ಕೆ ಇಳಿಯುತ್ತದೆ. ನಾವು ‘ಶೈಲಿ’ ಎಂದು ಕರೆಯುವುದರಲ್ಲಿ ಎಷ್ಟೋ ಪಾಲು ಅಸಲಿಗೆ ಈ ಜಾಗದ ಹಂಚಿಕೆ.

ವಾರ 1: ಸಿದ್ಧತೆ

ಪ್ರತಿ ಆಲ್ಬಂ ಮೂರು ಸಲ. ಮೊದಲ ಸಲ ಸುಮ್ಮನೆ. ಎರಡನೇ ಸಲ ಬಾಸ್ (ಕೆಳಸ್ವರದ ತಂತಿವಾದ್ಯ) ಮಾತ್ರ. ಮೂರನೇ ಸಲ ಕಾರ್ಡ್ ಹಿಡಿಯುವವರ ಮೇಲೆ ಮಾತ್ರ ಗಮನ. ಒಮ್ಮೆ ಕೂತರೆ ಎಲ್‌ಪಿಯ (ದೊಡ್ಡ ಗ್ರಾಮಫೋನ್ ತಟ್ಟೆಯ) ಒಂದು ಮಗ್ಗುಲು, ಅಂದರೆ ಸುಮಾರು 20 ನಿಮಿಷ. ಅದಕ್ಕಿಂತ ಹೆಚ್ಚಾದರೆ ಕಿವಿ ಕೇಳುವುದನ್ನು ಬಿಟ್ಟು ತೂಕಡಿಸತೊಡಗುತ್ತದೆ.

ಫೋನಿನ ಸ್ಪೀಕರ್‌ನಲ್ಲಿ ಈ ಯೋಜನೆ ಕೆಡುತ್ತದೆ. ಡಬಲ್ ಬಾಸ್‌ನ ಅತ್ಯಂತ ಕೆಳಗಿನ ತಂತಿ ಸುಮಾರು 41 ಹರ್ಟ್ಸ್, ಗಿಟಾರ್‌ನದು ಸುಮಾರು 82. ಪುಟ್ಟ ಸ್ಪೀಕರ್ ಅಷ್ಟು ಕೆಳಗಿನ ನಾದವನ್ನು ಹೊರಡಿಸುವುದೇ ಇಲ್ಲ. ಪಿಯಾನೊ ಇಲ್ಲದ ತ್ರಯದಲ್ಲಿ ಬಾಸ್ ಕೇಳದಿದ್ದರೆ ಗಿಟಾರ್ ಗಾಳಿಯಲ್ಲಿ ತೇಲಿದಂತಾಗುತ್ತದೆ, ತಪ್ಪು ವಾದಕರ ತಲೆಗೆ ಬರುತ್ತದೆ. ಸಾಧಾರಣ ಹೆಡ್‌ಫೋನ್ ಸಾಕು. ಆದರೆ 1960ರ ದಶಕದ ಸ್ಟೀರಿಯೊದಲ್ಲಿ ವಾದ್ಯಗಳನ್ನು ಪೂರ್ತಿ ಎಡಕ್ಕೋ ಬಲಕ್ಕೋ ತಳ್ಳುವ ರೂಢಿ ಇತ್ತು. ಒಂದು ಕಿವಿಯಲ್ಲಿ ಮಾತ್ರ ಸಿಕ್ಕಿಸಿಕೊಂಡರೆ ಗಿಟಾರೇ ಮಾಯವಾದೀತು.

ನಿಧಾನಗೊಳಿಸುವ ಸಾಫ್ಟ್‌ವೇರ್ ಬಳಸುವುದಾದರೆ ವೇಗ 80 ಪ್ರತಿಶತಕ್ಕಿಂತ ಕೆಳಗೆ ಬೇಡ. ಶ್ರುತಿ ಉಳಿದರೂ ಪಿಕ್ (ಮೀಟುವ ಬಿಲ್ಲೆ) ತಂತಿಗೆ ತಾಗುವ ಚೂಪು ಮಸುಕಾಗುತ್ತದೆ. ಸ್ವಿಂಗ್, ಅಂದರೆ ಜಾಝ್‌ನ ತೂಗುವ ಲಯ, ಇರುವುದೇ ಆ ಚೂಪು ಯಾವ ಗಳಿಗೆಯಲ್ಲಿ ಬೀಳುತ್ತದೆ ಎಂಬುದರಲ್ಲಿ.

ವಾರ 2: ಕಾರ್ಡ್ ಇನ್ನೊಂದು ಗಿಟಾರ್ ಕೈಯಲ್ಲಿ

ಜಾಂಗೊ ರೈನ್‌ಹಾರ್ಟ್ ಅವರ ಹಾಟ್ ಕ್ಲಬ್ ಪಂಚಕ, ‘ಮೈನರ್ ಸ್ವಿಂಗ್’, 1937. ಮೂರು ಗಿಟಾರ್, ಒಂದು ವಯೊಲಿನ್, ಒಂದು ಬಾಸ್; ಡ್ರಮ್ಸ್ ಇಲ್ಲ. ಎರಡು ಗಿಟಾರ್‌ಗಳು ಸೇರಿ ಡ್ರಮ್ಸ್ ಕೆಲಸವನ್ನೂ ಪಿಯಾನೊ ಕೆಲಸವನ್ನೂ ಮಾಡುತ್ತವೆ. ನಾಲ್ಕು ಹೊಡೆತದಲ್ಲಿ ಎರಡನೆಯದೂ ನಾಲ್ಕನೆಯದೂ ಗಟ್ಟಿ, ಹೊಡೆದ ತಕ್ಷಣ ಎಡಗೈ ಸಡಿಲಿಸಿ ನಾದ ಕತ್ತರಿಸುವುದು. ಸೋಲೊ 16 ಮಾತ್ರೆಕಟ್ಟುಗಳ (ಬಾರ್‌ಗಳ; ಇಲ್ಲಿ ಒಂದಕ್ಕೆ ನಾಲ್ಕು ಹೊಡೆತ) ಆವರ್ತದ ಮೇಲೆ ಸುತ್ತುತ್ತದೆ. ಎಣಿಕೆ ಕಲಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. 1928ರ ಬೆಂಕಿ ಅವಘಡದ ನಂತರ ಜಾಂಗೊ ಅವರ ಎಡಗೈಯ ಉಂಗುರ ಬೆರಳೂ ಕಿರುಬೆರಳೂ ಊನವಾದವು. ಓಟದ ಸಾಲುಗಳೆಲ್ಲ ಉಳಿದೆರಡು ಬೆರಳಿನವು.

ಕೌಂಟ್ ಬೇಸಿ ವಾದ್ಯವೃಂದದ ಫ್ರೆಡ್ಡಿ ಗ್ರೀನ್ ಇದಕ್ಕೆ ತದ್ವಿರುದ್ಧ. 1937ರಿಂದ ಸುಮಾರು ಐವತ್ತು ವರ್ಷ ಅದೇ ಕುರ್ಚಿ, ಆಂಪ್ (ಧ್ವನಿವರ್ಧಕ) ಇಲ್ಲ, ಸೋಲೊ ಇಲ್ಲವೆಂದೇ ಹೇಳಬೇಕು. ನಾಲ್ಕೂ ಹೊಡೆತ ಸಮ. 1957ರ ‘ಲಿಲ್ ಡಾರ್ಲಿನ್’ ನಿಧಾನದ್ದಾದ್ದರಿಂದ ಅಲ್ಲಿ ಅವರ ಗಿಟಾರ್ ಬಿಡಿಯಾಗಿ ಕೇಳುತ್ತದೆ. ವೇಗದ ಹಾಡುಗಳಲ್ಲಿ ಕೇಳುವುದಿಲ್ಲ, ತಗಲುತ್ತದೆ ಅಷ್ಟೆ.

ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಎರಡು ಕಡೆ ಸಿಗುತ್ತಾರೆ. ಬೆನ್ನಿ ಗುಡ್‌ಮನ್ ಜೊತೆಗಿನ ಸ್ಟುಡಿಯೊ ರೆಕಾರ್ಡ್‌ಗಳು ಮೂರು ನಿಮಿಷದವು. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಿನಲ್ಲಿ ಅಷ್ಟೇ ಹಿಡಿಯುತ್ತಿದ್ದದ್ದು. ಅಲ್ಲಿನ ಸೋಲೊ ಶುರುವಾಗುತ್ತಲೇ ಮುಗಿಯುತ್ತದೆ. ಆದ್ದರಿಂದ 1941ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಮಿಂಟನ್ಸ್ ಕ್ಲಬ್ಬಿನಲ್ಲಿ ಸಿಕ್ಕಿದ ‘ಸ್ವಿಂಗ್ ಟು ಬಾಪ್’ ಕಡ್ಡಾಯ. ಧ್ವನಿ ಒರಟು, ಶುರುವೇ ನಡುಸೋಲೊದಿಂದ. ಆದರೆ ಆವರ್ತದ ಮೇಲೆ ಆವರ್ತ ಕಟ್ಟಿಕೊಂಡು ಹೋಗುವ ಮನುಷ್ಯ ಅಲ್ಲಿ ಕಾಣುತ್ತಾರೆ. ಹತ್ತು ತಿಂಗಳಲ್ಲಿ, 25ನೇ ವಯಸ್ಸಿನಲ್ಲಿ ತೀರಿಕೊಂಡರು.

ವಾರ 3: ಪಿಯಾನೊ ಇದೆ

ವೆಸ್ ಮಾಂಟ್ಗೊಮೆರಿ, ‘ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್’, ಜನವರಿ 1960. ಪಿಯಾನೊ ಟಾಮಿ ಫ್ಲಾನಗನ್. ಶುರುವಿಗೆ ‘ಡಿ ನ್ಯಾಚುರಲ್ ಬ್ಲೂಸ್’: 12 ಮಾತ್ರೆಕಟ್ಟುಗಳ ಬ್ಲೂಸ್, ನಿಧಾನ, ಎಣಿಸಲು ಸಲೀಸು. ಅದು ಕೈವಶವಾದ ಮೇಲೆ ‘ವೆಸ್ಟ್ ಕೋಸ್ಟ್ ಬ್ಲೂಸ್’. ಅದು ಮೂರರ ನಡೆ. ನಾಲ್ಕು ಎಣಿಸುತ್ತ ಕೂತರೆ ಎರಡನೇ ಸಾಲಿಗೇ ದಾರಿ ತಪ್ಪುತ್ತದೆ.

ವೆಸ್ ಪಿಕ್ ಬಳಸದೆ ಹೆಬ್ಬೆರಳ ಮಾಂಸದಿಂದಲೇ ಮೀಟುತ್ತಾರೆ; ನಾದ ಉರುಟಾಗಿರುವುದು ಅದಕ್ಕೆ. ಅವರ ಸೋಲೊ ಹಲವು ಸಲ ಮೂರು ಮೆಟ್ಟಿಲು ಹತ್ತುತ್ತದೆ: ಒಂಟಿ ಸ್ವರ, ಆಕ್ಟೇವ್ (ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ), ಆಮೇಲೆ ತುಂಬು ಕಾರ್ಡ್. ಗಿಟಾರ್ ಕೈಯಲ್ಲಿದ್ದವರು ಆಕ್ಟೇವನ್ನು ಹಿಡಿದೇ ನೋಡಬಹುದು. ಕೆಳಸ್ವರ ಆರನೇ ಅಥವಾ ಐದನೇ ತಂತಿಯಲ್ಲಿದ್ದರೆ ಮೇಲಿನದು ಒಂದು ತಂತಿ ಬಿಟ್ಟು ಎರಡು ಫ್ರೆಟ್ (ಗಿಟಾರ್ ಕತ್ತಿನ ಲೋಹದ ಅಡ್ಡಪಟ್ಟಿ) ಮುಂದೆ. ನಾಲ್ಕನೇ ಅಥವಾ ಮೂರನೇ ತಂತಿಯಲ್ಲಿದ್ದರೆ ಮೂರು ಫ್ರೆಟ್ ಮುಂದೆ. ನಡುವಿನ ತಂತಿ ಸದ್ದು ಮಾಡದಂತೆ ತೋರುಬೆರಳನ್ನು ಚಪ್ಪಟೆಯಾಗಿ ಒರಗಿಸಬೇಕು. ಹೊಸಬರ ಆಕ್ಟೇವ್ ಗಲೀಜಾಗಿ ಕೇಳುವುದು ಬಹುಪಾಲು ಇದೊಂದನ್ನು ಮರೆತದ್ದರಿಂದ.

1965ರ ‘ಸ್ಮೋಕಿನ್ ಅಟ್ ದಿ ಹಾಫ್ ನೋಟ್’ ವಿಂಟನ್ ಕೆಲ್ಲಿ ತ್ರಯದೊಂದಿಗೆ. ಹೆಸರು ನೋಡಿ ಇಡೀ ಆಲ್ಬಂ ಕ್ಲಬ್ಬಿನದು ಅಂದುಕೊಳ್ಳುತ್ತಾರೆ. ಮೂಲ ಎಲ್‌ಪಿಯ ಐದರಲ್ಲಿ ಎರಡು ಮಾತ್ರ, ‘ನೋ ಬ್ಲೂಸ್’ ಮತ್ತು ‘ಇಫ್ ಯು ಕುಡ್ ಸೀ ಮಿ ನೌ’, ಕ್ಲಬ್ಬಿನವು. ಉಳಿದ ಮೂರು ಸ್ಟುಡಿಯೊದವು. ಮೂರನೇ ಆಲಿಕೆಯ ಕೆಲಸ: ವೆಸ್ ಆಕ್ಟೇವ್‌ಗೂ ಕಾರ್ಡ್‌ಗೂ ಏರುವಾಗ ಕೆಲ್ಲಿ ಏನು ಮಾಡುತ್ತಾರೆ, ಎಲ್ಲಿ ತೆಳುವಾಗುತ್ತಾರೆ ಎಂದು ನಿಮಿಷ-ಸೆಕೆಂಡ್ ಗುರುತು ಹಾಕುವುದು. ‘ಫೋರ್ ಆನ್ ಸಿಕ್ಸ್’ ಈ ಎರಡೂ ಆಲ್ಬಂಗಳಲ್ಲಿದೆ. ಒಂದರ ಬೆನ್ನಿಗೆ ಒಂದು ಹಾಕಿದರೆ ಫ್ಲಾನಗನ್ ಮತ್ತು ಕೆಲ್ಲಿ ಅವರ ವ್ಯತ್ಯಾಸ ಯಾರಿಗೂ ವಿವರಿಸಬೇಕಾಗಿಲ್ಲ.

ಗ್ರಾಂಟ್ ಗ್ರೀನ್ ಅವರ ‘ಐಡಲ್ ಮೊಮೆಂಟ್ಸ್’, ನವೆಂಬರ್ 1963. ಇಲ್ಲಿ ಪಿಯಾನೊ ಜೊತೆಗೆ ವೈಬ್ರಾಫೋನ್ (ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ) ಕೂಡ. ಶೀರ್ಷಿಕೆಯ ಕೃತಿ ಸುಮಾರು 15 ನಿಮಿಷ ಓಡುವುದಕ್ಕೆ ಒಂದು ಎಡವಟ್ಟು ಕಾರಣ: ಒಂದು ಆವರ್ತ ಎಂದರೆ 16 ಮಾತ್ರೆಕಟ್ಟೋ 32ರದ್ದೋ ಎಂಬ ಗೊಂದಲದಲ್ಲಿ ಸೋಲೊಗಳು ಉದ್ದವಾದವು. ಎಲ್‌ಪಿಯಲ್ಲಿ ಜಾಗ ಸಾಲದೆ ಬೇರೆರಡು ಕೃತಿಗಳನ್ನು ಕೆಲವು ದಿನ ಬಿಟ್ಟು ಚಿಕ್ಕದಾಗಿ ಮತ್ತೆ ರೆಕಾರ್ಡ್ ಮಾಡಿದರು. ತಪ್ಪಾದದ್ದೇ ಒಳ್ಳೆಯದಾಯಿತು. ಮರುಮುದ್ರಣಗಳಲ್ಲಿ ಆ ಎರಡರ ಉದ್ದನೆಯ ಆವೃತ್ತಿಗಳೂ ಕೊನೆಯಲ್ಲಿ ಬರುತ್ತವೆ. ಮೊದಲ ಸಲ ಕೇಳುವಾಗ ನಾಲ್ಕನೇ ಟ್ರ್ಯಾಕಿಗೇ ನಿಲ್ಲಿಸಿ.

ವಾರ 4: ಪಿಯಾನೊ ಎದ್ದು ಹೋಯಿತು

ಕೆನ್ನಿ ಬರೆಲ್, ‘ಮಿಡ್‌ನೈಟ್ ಬ್ಲೂ’, ಜನವರಿ 1963. ಟೆನರ್ ಸ್ಯಾಕ್ಸ್, ಬಾಸ್, ಡ್ರಮ್ಸ್, ರೇ ಬರೆಟ್ಟೊ ಅವರ ಕಾಂಗಾ (ಕೈಯಿಂದ ಬಾರಿಸುವ ಎತ್ತರದ ಡ್ರಮ್). ‘ಚಿಟ್ಲಿನ್ಸ್ ಕಾನ್ ಕಾರ್ನೆ’ಯಲ್ಲಿ ಸ್ಯಾಕ್ಸ್ ಒಂದು ಮಾತಾಡಿ ನಿಂತಾಗ ಗಿಟಾರ್ ಎರಡು ಚುಟುಕು ಕಾರ್ಡ್‌ಗಳಲ್ಲಿ ಉತ್ತರಿಸುತ್ತದೆ, ಮತ್ತೆ ಸುಮ್ಮನಾಗುತ್ತದೆ. ಖಾಲಿ ಬಿಟ್ಟ ಜಾಗವನ್ನು ಕಾಂಗಾ ನೋಡಿಕೊಳ್ಳುತ್ತದೆ. ಪಿಯಾನೊ ಇದ್ದಿದ್ದರೆ ಈ ಖಾಲಿ ಉಳಿಯುತ್ತಿರಲಿಲ್ಲ. ಅದೇ ಆಲ್ಬಂನ ‘ಸೋಲ್ ಲಮೆಂಟ್’ ಒಂಟಿ ಗಿಟಾರ್‌ನದು, ಮೂರು ನಿಮಿಷವೂ ಇಲ್ಲ. ದಾಟಿಸಿ ಹೋಗುವವರೇ ಹೆಚ್ಚು.

ಸಾನಿ ರಾಲಿನ್ಸ್ ಅವರ ‘ದಿ ಬ್ರಿಜ್’ (1962) ಸ್ಯಾಕ್ಸೊಫೋನ್ ಆಲ್ಬಂ ನಿಜ. ಆದರೆ ಜಿಮ್ ಹಾಲ್ ಅವರ ಗಿಟಾರ್ ಇನ್ನೊಬ್ಬರ ಹಿಂದೆ ಹೇಗಿರಬೇಕು ಎನ್ನುವುದಕ್ಕೆ ಇದೇ ಪಾಠ. ಎರಡನೇ ಆಲಿಕೆಯಲ್ಲಿ ರಾಲಿನ್ಸ್ ಅವರನ್ನು ಮರೆಯಬೇಕು. ಕಷ್ಟ, ಆದರೂ.

ವಾರ 5 ಮತ್ತು 6: ಒಂದೇ ಕೃತಿ, ನಾಲ್ಕು ಏರ್ಪಾಡು

ಇಡೀ ಯೋಜನೆಯಲ್ಲಿ ಹೆಚ್ಚು ಫಲ ಕೊಟ್ಟದ್ದು ಇದು. ಥೆಲೋನಿಯಸ್ ಮಂಕ್ ಅವರ ‘ರೌಂಡ್ ಮಿಡ್‌ನೈಟ್’ ನಾಲ್ಕು ಗಿಟಾರ್ ಆಲ್ಬಂಗಳಲ್ಲಿ ಸಿಗುತ್ತದೆ: ವೆಸ್ 1959ರಲ್ಲಿ ಆರ್ಗನ್ ತ್ರಯದೊಂದಿಗೆ, ಗ್ರಾಂಟ್ ಗ್ರೀನ್ 1961ರ ‘ಗ್ರೀನ್ ಸ್ಟ್ರೀಟ್’ನಲ್ಲಿ ಬಾಸ್ ಮತ್ತು ಡ್ರಮ್ಸ್ ಮಾತ್ರ ಇಟ್ಟುಕೊಂಡು, ಜೋ ಪಾಸ್ 1973ರ ‘ವರ್ಚುಯೋಸೊ’ದಲ್ಲಿ ಒಬ್ಬರೇ, ಜಿಮ್ ಹಾಲ್ 1975ರ ‘ಲೈವ್!’ನಲ್ಲಿ ಮತ್ತೆ ಬಾಸ್ ಮತ್ತು ಡ್ರಮ್ಸ್ ಜೊತೆ.

ಕೃತಿಯ ಕಟ್ಟು ಎ-ಎ-ಬಿ-ಎ, ಎಂಟೆಂಟರ ನಾಲ್ಕು ಭಾಗ, ಒಟ್ಟು 32 ಮಾತ್ರೆಕಟ್ಟು. ದಾರಿ ತಪ್ಪಿದರೆ ಹಿಂದಕ್ಕೆ ಹೋಗಬೇಡಿ. ‘ಬಿ’ ಭಾಗ ಬರುವವರೆಗೆ ಕಾಯಿರಿ. ಅದರ ಬಣ್ಣವೇ ಬೇರೆ, ಬಂದ ಕೂಡಲೇ ಗೊತ್ತಾಗುತ್ತದೆ. ಅಲ್ಲಿಂದ ಮತ್ತೆ ಎಣಿಸಿ.

ವೆಸ್ ಅವರದು ಮೊದಲು. ಗಿಟಾರ್ ಸ್ವರ ಮೀಟಿದ ಕ್ಷಣದಿಂದಲೇ ಕರಗತೊಡಗುತ್ತದೆ. ಆರ್ಗನ್ ಸ್ವರ ಕೀಲಿ ಒತ್ತಿದಷ್ಟು ಹೊತ್ತೂ ನಿಲ್ಲುತ್ತದೆ. ಹಿಂದೆ ಮೆಲ್ವಿನ್ ರೈನ್ ಇರುವುದರಿಂದ ಗಿಟಾರ್‌ಗೆ ಮೌನವನ್ನು ತುಂಬಿಸುವ ಗಡಿಬಿಡಿ ಇಲ್ಲ. ಗ್ರೀನ್ ಅವರಲ್ಲಿ ಆ ಆಸರೆ ಇಲ್ಲ. ಆದರೂ ಅವರು ಕಾರ್ಡ್‌ಗೆ ಕೈಹಾಕುವುದು ಅಪರೂಪ, ಒಂಟಿ ಸ್ವರದ ಸಾಲನ್ನೇ ನೆಚ್ಚುತ್ತಾರೆ; ಕಾರ್ಡ್ ಯಾವುದೆಂದು ಬಾಸ್ ಮತ್ತು ಕೇಳುಗರ ಕಿವಿ ಸೇರಿ ಊಹಿಸಿಕೊಳ್ಳಬೇಕು. ಇದು ಧೈರ್ಯವೋ ಹಟವೋ, ಎರಡನೇ ಆಲಿಕೆಯಲ್ಲಿ ಮನಸ್ಸು ಗ್ರೀನ್ ಕಡೆಗೇ ವಾಲುತ್ತದೆ. ಹಾಲ್ ಅಂಥದ್ದೇ ತ್ರಯದಲ್ಲಿ ಬೇರೆ ದಾರಿ ಹಿಡಿಯುತ್ತಾರೆ: ಸಾಲು, ಎರಡು ಸ್ವರದ ಜೋಡಿ, ಕಾರ್ಡ್, ಒಂದರಿಂದ ಇನ್ನೊಂದಕ್ಕೆ ಎಲ್ಲಿ ದಾಟಿದರೆಂದು ಗೊತ್ತಾಗದಂತೆ.

ಪಾಸ್ ಅವರದನ್ನು ಕೊನೆಗೆ ಇಡಿ. ಜೊತೆಗೆ ಯಾರೂ ಇಲ್ಲದ್ದರಿಂದ ತಾಳ ಹಿಗ್ಗುತ್ತದೆ, ಕುಗ್ಗುತ್ತದೆ. ಕಾಲು ತಟ್ಟಿ ಎಣಿಸಿದರೆ ಸಿಗುವುದಿಲ್ಲ. ಮಾತ್ರೆ ಬಿಟ್ಟು ಭಾಗಗಳನ್ನು ಎಣಿಸಬೇಕು: ಎ ಮುಗಿಯಿತು, ಇನ್ನೊಂದು ಎ, ಈಗ ಬಿ. ಆಂಪ್‌ಗಿಂತ ಮರದ ಡಬ್ಬಿಯ ನಾದವೇ ಮುಂದಿರುವ ರೆಕಾರ್ಡಿಂಗ್ ಇದು; ವೆಸ್ ನಂತರ ಕೇಳಿದರೆ ತೆಳ್ಳಗೆ ಅನ್ನಿಸುತ್ತದೆ. ಅದು ದೋಷವೆಂದು ಪ್ಲೇಯರ್‌ನ ಬಾಸ್ (ಕೆಳನಾದ) ಏರಿಸಲು ಹೋದರೆ ಪಾಸ್ ಅವರ ಕೆಳತಂತಿಯ ನಡೆಗಳು ಗುಂಯ್‌ಗುಟ್ಟಿ ಕಲಸಿಹೋಗುತ್ತವೆ. ಇದ್ದ ಹಾಗೇ ಬಿಡಿ.

ವಾರ 7: ಪಿಯಾನೊ ಇದ್ದೂ ಜಗಳವಿಲ್ಲ

ಬಿಲ್ ಇವಾನ್ಸ್ ಮತ್ತು ಜಿಮ್ ಹಾಲ್, ‘ಅಂಡರ್‌ಕರೆಂಟ್’, 1962. ಇಬ್ಬರೇ. ಮೇಲೆ ಹೇಳಿದ ಜಾಗದ ಲೆಕ್ಕದ ಪ್ರಕಾರ ಇದು ಡಿಕ್ಕಿಯಾಗಬೇಕಿತ್ತು. ‘ಮೈ ಫನ್ನಿ ವ್ಯಾಲಂಟೈನ್’ನಲ್ಲಿ ಇವಾನ್ಸ್ ಸೋಲೊ ಹಿಂದೆ ಹಾಲ್ ಫ್ರೆಡ್ಡಿ ಗ್ರೀನ್ ಕುರ್ಚಿಯಲ್ಲಿ ಕೂರುತ್ತಾರೆ: ಸಣ್ಣ ಕಾರ್ಡ್, ನಾಲ್ಕೂ ಹೊಡೆತ, ಮೆಲ್ಲಗೆ. ಬಾಸೂ ಡ್ರಮ್ಸೂ ಇಲ್ಲವೆಂಬುದು ಮರೆತೇಹೋಗುತ್ತದೆ. ಎರಡನೇ ವಾರದ ಕೆಲಸ ಇಲ್ಲಿ ಉಪಯೋಗಕ್ಕೆ ಬಂತು. ಫ್ರೆಡ್ಡಿ ಗ್ರೀನ್ ಕೇಳದೆ ನೇರ ಇಲ್ಲಿಗೆ ಬಂದರೆ ಆ ಕೈ ಗಮನಕ್ಕೇ ಬರುವುದಿಲ್ಲ.

‘ಐ ಹಿಯರ್ ಎ ರಾಪ್ಸೊಡಿ’ ಇಲ್ಲೂ ಇದೆ, 1975ರ ‘ಲೈವ್!’ನಲ್ಲೂ ಇದೆ. ಅದೇ ಕೃತಿ, ಅದೇ ವಾದಕ, ನಡುವೆ ಹದಿಮೂರು ವರ್ಷ, ಪಿಯಾನೊ ಒಮ್ಮೆ ಇದೆ, ಒಮ್ಮೆ ಇಲ್ಲ. ಈ ಜೋಡಿಗೆ ಇನ್ನೂ ಒಂದು ವಾರ ಕೊಡಬಹುದಿತ್ತು.

ವಾರ 8: ಎಲ್ಲಿಗೆ ಬಂತು, ಮುಂದೇನು

ಪ್ಯಾಟ್ ಮೆಥೀನಿ, ‘ಬ್ರೈಟ್ ಸೈಜ್ ಲೈಫ್’, ಡಿಸೆಂಬರ್ 1975ರ ರೆಕಾರ್ಡಿಂಗ್, 1976ರಲ್ಲಿ ಬಿಡುಗಡೆ. ಜಾಕೊ ಪ್ಯಾಸ್ಟೋರಿಯಸ್ ಅವರ ಫ್ರೆಟ್ ಇಲ್ಲದ ಎಲೆಕ್ಟ್ರಿಕ್ ಬಾಸ್ ಬರೀ ಬುನಾದಿ ಹಾಕಿ ಸುಮ್ಮನಿರುವುದಿಲ್ಲ, ಮೇಲಿನ ಸ್ಥಾಯಿಗೆ ಬಂದು ಹಾಡುತ್ತದೆ. ಹಾಗಾಗಿ ‘ಕಾರ್ಡ್ ಯಾರ ಕೈಯಲ್ಲಿ’ ಎಂಬ ಪ್ರಶ್ನೆಗೆ ಇಲ್ಲಿ ಒಂದೇ ಉತ್ತರವಿಲ್ಲ, ಕೃತಿಯ ನಡುವೆಯೇ ಬದಲಾಗುತ್ತದೆ. ಮೂರು ಆಲಿಕೆ ಸಾಲಲಿಲ್ಲ, ಬಾಕಿ ಉಳಿದಿದೆ.

ಸರದಿಯಲ್ಲಿರುವುದು: ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್ ಚತುಷ್ಕದ 1975ರ ಟೊರಾಂಟೊ ಲೈವ್ ಆಲ್ಬಂ, ಗಿಟಾರ್ ಎಡ್ ಬಿಕರ್ಟ್. ಹಾಲ್ ಅವರ ‘ಲೈವ್!’ ಕೂಡ ಅದೇ ವರ್ಷ ಟೊರಾಂಟೊದ ಅದೇ ಕ್ಲಬ್ಬಿನದು (ಕ್ಲಬ್ಬಿನ ಹೆಸರು ಬರ್ಬನ್ ಸ್ಟ್ರೀಟ್), ಬಾಸ್ ಎರಡರಲ್ಲೂ ಡಾನ್ ಥಾಂಪ್ಸನ್. ಜಾಗವೂ ಬಾಸೂ ಬದಲಾಗದೆ ಗಿಟಾರ್ ಬದಲಾಗುವ ಇಂಥ ಹೋಲಿಕೆ ಹುಡುಕಿದರೂ ಸಿಗುವುದಿಲ್ಲ. ಬಿಕರ್ಟ್ ನುಡಿಸುವುದು ಟೆಲಿಕಾಸ್ಟರ್, ಪೊಳ್ಳಿಲ್ಲದ ಮರದ ಗಿಟಾರ್. ಕಣ್ಣು ಮುಚ್ಚಿ ಕೇಳಿದವರು ನಂಬುವುದಿಲ್ಲ.

ಆಮೇಲೆ ಆರ್ಗನ್ ಸಾಲು ಪೂರ್ತಿ ಮಾಡಬೇಕು: ವೆಸ್ ಅವರ ‘ಬಾಸ್ ಗಿಟಾರ್’ (1963, ಇಲ್ಲಿ ಬಾಸ್ ಎಂದರೆ ಯಜಮಾನ, ವಾದ್ಯವಲ್ಲ), ಗ್ರಾಂಟ್ ಗ್ರೀನ್ ಅವರ ‘ಟಾಕಿನ್ ಅಬೌಟ್!’ (1964, ಆರ್ಗನ್ ಲ್ಯಾರಿ ಯಂಗ್, ಡ್ರಮ್ಸ್ ಎಲ್ವಿನ್ ಜೋನ್ಸ್). ಎರಡನೆಯದನ್ನು ಕೇಳುವ ಹಿಂದಿನ ದಿನ ‘ಗ್ರೀನ್ ಸ್ಟ್ರೀಟ್’ ಇನ್ನೊಮ್ಮೆ ಹಾಕಿ, ಮೊದಲ ಮಗ್ಗುಲು ಮಾತ್ರ.