ಹಳೆ ವಿ-ಕ್ರಾಸ್‌ಗೆ ಲಿಫ್ಟ್: ಯಾವುದು, ಎಷ್ಟು, ಎಲ್ಲಿ ಕೈಕೊಡುತ್ತದೆ

ವಿ-ಕ್ರಾಸ್ ಪಿಕಪ್ಪನ್ನು ಎತ್ತರಿಸುವ ಲಿಫ್ಟ್ ಕಿಟ್‌ಗೆ ಅಡ್ವಾನ್ಸ್ ಕೊಡುವ ಮೊದಲು ಒಂದು ಟೇಪು ಹಿಡಿದು ಗಾಡಿಯನ್ನು ಅಳೆಯಿರಿ. ಸಮತಟ್ಟಾದ ಜಾಗದಲ್ಲಿ ಒಂದೆರಡು ಮೀಟರ್ ಹಿಂದೆ ಮುಂದೆ ಉರುಳಿಸಿ, ಸಸ್ಪೆನ್ಷನ್ ಕೂತ ಮೇಲೆ, ಚಕ್ರದ ಹಬ್ಬಿನ ನಡುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗೆ ಎಷ್ಟಿದೆ ಅಂತ ನಾಲ್ಕೂ ಕಡೆ ಬರೆದುಕೊಳ್ಳಿ. ನೆಲದಿಂದ ಅಳೆಯಬೇಡಿ. ಟೈರಿನ ಗಾಳಿ, ಸವೆತ ಎರಡೂ ಸೇರಿ ಲೆಕ್ಕ ಕೆಡುತ್ತದೆ.

2016ರಲ್ಲಿ ಬಂದ ಮೊದಲ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್‌ಗಳು ಈಗ ಹಳೆ ಗಾಡಿಗಳೇ. ಮುಂದೆ ಡಬಲ್ ವಿಶ್‌ಬೋನ್ (ಚಕ್ರ ಹಿಡಿಯುವ ಮೇಲೊಂದು, ಕೆಳಗೊಂದು ಆರ್ಮು) ಮತ್ತು ಕಾಯಿಲ್ ಸ್ಪ್ರಿಂಗ್, ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಪ್ಲೇಟು ಸೆಟ್ಟು. ಸಕಲೇಶಪುರ, ಮೂಡಿಗೆರೆ ಕಡೆ ತೋಟದ ರಸ್ತೆಯಲ್ಲಿ ಗೊಬ್ಬರ, ಕಾಫಿ ಮೂಟೆ ಹೊತ್ತು ದುಡಿದ ಗಾಡಿಯಾದರೆ ಹಿಂದಿನ ಪ್ಲೇಟುಗಳ ಕಮಾನು ಇಳಿದಿರುತ್ತದೆ, ಮುಂದಿನ ಕಾಯಿಲ್ ಕುಸಿದಿರುತ್ತದೆ. ಸಾಮಾನ್ಯವಾಗಿ ಚಾಲಕನ ಕಡೆ ಒಂದಷ್ಟು ಮಿಲಿಮೀಟರ್ ಹೆಚ್ಚೇ ಇಳಿದಿರುತ್ತದೆ. ಇಂಥ ಗಾಡಿಗೆ ಹೊಸ ಸ್ಪ್ರಿಂಗ್, ಶಾಕ್, ಬುಷ್ ಹಾಕಿದರೆ ಬಹಳ ಜನಕ್ಕೆ ಬೇಕಿದ್ದ ಎತ್ತರ ಅಲ್ಲೇ ಸಿಕ್ಕಿಬಿಡುತ್ತದೆ. ಕುಸಿದ ಸ್ಪ್ರಿಂಗಿನ ಮೇಲೆ ಸ್ಪೇಸರ್ (ಎತ್ತರಿಸುವ ಬಿಲ್ಲೆ) ಇಟ್ಟು ಎತ್ತರ ತೋರಿಸುವುದು ಗೋಡೆಯ ಬಿರುಕಿಗೆ ಸುಣ್ಣ ಬಳಿದ ಹಾಗೆ.

ಇನ್ನೊಂದು ತಪ್ಪು ಲೆಕ್ಕವನ್ನೂ ಮೊದಲೇ ತಿದ್ದಿಕೊಳ್ಳೋಣ. ತೋಟದ ರಸ್ತೆಯಲ್ಲಿ ಎರಡು ಜಾಡಿನ ನಡುವಿನ ದಿಬ್ಬಕ್ಕೆ ಉಜ್ಜುವುದು ಹೆಚ್ಚಾಗಿ ಹಿಂದಿನ ಡಿಫರೆನ್ಷಿಯಲ್ಲಿನ (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ) ಗುಂಡು. ಅದು ಚಕ್ರಗಳ ಜೊತೆ ಒಂದೇ ಆಕ್ಸಲ್‌ನಲ್ಲಿರುವುದರಿಂದ, ನೀವು ಚಾಸಿಯನ್ನು 50 ಮಿ.ಮೀ. ಎತ್ತಿದರೂ ಆ ಗುಂಡು ಒಂದು ಮಿಲಿಮೀಟರ್ ಕೂಡ ಮೇಲೇಳುವುದಿಲ್ಲ. ಅದನ್ನು ಎತ್ತುವುದು ಟೈರು ಮಾತ್ರ, ಅದೂ ಅರ್ಧ ಲೆಕ್ಕದಲ್ಲಿ. ಮೊದಲ ವಿ-ಕ್ರಾಸ್‌ನ 245/70 ಆರ್16 ಟೈರಿನ ವ್ಯಾಸ ಸುಮಾರು 749 ಮಿ.ಮೀ., 265/70 ಆರ್16 ಹಾಕಿದರೆ 777. ವ್ಯತ್ಯಾಸ 28, ಆಕ್ಸಲ್ ಏರುವುದು 14. ಜೊತೆಗೆ ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ ಮೊದಲಿಗಿಂತ ಸುಮಾರು 3 ಕಿ.ಮೀ. ಜಾಸ್ತಿ ವೇಗದಲ್ಲಿರುತ್ತದೆ. ಲಿಫ್ಟ್‌ನಿಂದ ಸಿಗುವುದು ಬೇರೆ: ಮೂತಿ ಮತ್ತು ಹಿಂಬಾಲ ತಾಗದೆ ಹತ್ತಿಳಿಯುವ ಕೋನ, ಹೊಟ್ಟೆಯ ಕೆಳಗಿನ ಜಾಗ, ದೊಡ್ಡ ಟೈರು ಅಲುಗಾಡಲು ಜಾಗ.

ಮುಂದಿನ ಡಿಫರೆನ್ಷಿಯಲ್ ಕಥೆ ಉಲ್ಟಾ. ಅದು ಚಾಸಿಗೆ ಬಿಗಿದಿರುವುದರಿಂದ ಚಾಸಿಯ ಜೊತೆ ಮೇಲೇಳುತ್ತದೆ, ಚಕ್ರ ಕೆಳಗೇ ಉಳಿಯುತ್ತದೆ. ಎರಡರ ನಡುವಿನ ಡ್ರೈವ್ ಶಾಫ್ಟು ಓರೆಯಾಗುತ್ತದೆ. ಈ ಗಾಡಿಗೆ ಮಿತಿ ಹಾಕುವುದು ಇದೇ ಓರೆ. 40ರಿಂದ 50 ಮಿ.ಮೀ.ವರೆಗೆ ಶಾಫ್ಟಿನ ಜಾಯಿಂಟು ಸಹಿಸಿಕೊಳ್ಳುತ್ತದೆ. ಅದಕ್ಕಿಂತ ಮೇಲೆ ಹೋದರೆ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಸವೆದು ಸೀಳುತ್ತವೆ. ಚಕ್ರದ ಒಳಮೈಗೆ ಕಪ್ಪು ಗ್ರೀಸು ಎರಚಿದ್ದು ಕಂಡರೆ ಬೂಟು ಹೋಗಿದೆ ಎಂದೇ ಅರ್ಥ. ಮಳೆಗಾಲದಲ್ಲಿ ಆ ಸೀಳಿನೊಳಗೆ ಕೆಸರು ಹೊಕ್ಕರೆ ಜಾಯಿಂಟು ಹೆಚ್ಚು ದಿನ ಬಾಳುವುದಿಲ್ಲ. ತಿರುವಿನಲ್ಲಿ ಕಟಕಟ ಸದ್ದು ಶುರುವಾಗುತ್ತದೆ. ಜಾಲತಾಣದ ಫೋಟೋಗಳಲ್ಲಿ ಕಾಣುವ ನಾಲ್ಕಿಂಚಿನ ಲಿಫ್ಟ್‌ಗೆ ಡಿಫರೆನ್ಷಿಯಲ್ಲನ್ನೇ ಕೆಳಗಿಳಿಸುವ ಬ್ರಾಕೆಟ್ಟು, ಬೇರೆ ಆರ್ಮುಗಳು ಎಲ್ಲ ಬೇಕು. ದಿನಬಳಕೆಯ ಗಾಡಿಗೆ ಅದು ಬೇಡ.

ಈಗ ಬಗೆಗಳು. ಅಗ್ಗದ್ದು ಮುಂದಿನ ಸ್ಟ್ರಟ್‌ನ (ಕಾಯಿಲ್, ಶಾಕ್ ಸೇರಿದ ಜೋಡಣೆಯ) ನೆತ್ತಿಯ ಮೇಲೆ ಕೂರಿಸುವ ಸ್ಪೇಸರ್. ಸ್ಟ್ರಟ್ಟು ಕೆಳಗಿನ ಆರ್ಮಿನ ನಡುಭಾಗಕ್ಕೆ ಸಿಕ್ಕಿಸಿರುವುದರಿಂದ ಸ್ಪೇಸರ್ ದಪ್ಪದ ಹೆಚ್ಚುಕಡಿಮೆ ಎರಡರಷ್ಟು ಎತ್ತರ ಚಕ್ರದಲ್ಲಿ ಬರುತ್ತದೆ, 25 ಮಿ.ಮೀ. ಸ್ಪೇಸರ್‌ಗೆ 45–50. ಇದು ಗೊತ್ತಿಲ್ಲದೆ 50ರ ಲಿಫ್ಟ್‌ಗೆ 50ರ ಸ್ಪೇಸರ್ ಕೊಂಡವರಿದ್ದಾರೆ. ಸ್ಪೇಸರ್‌ನ ನಿಜವಾದ ದೋಷ ಗಾಡಿ ನಿಂತಾಗ ಕಾಣುವುದಿಲ್ಲ. ಇಡೀ ಸ್ಟ್ರಟ್ಟೇ ಕೆಳಗೆ ಸರಿಯುವುದರಿಂದ, ಚಕ್ರ ಗುಂಡಿಗಿಳಿದಾಗ ಕಂಪನಿ ಇಟ್ಟ ಮಿತಿಯನ್ನೂ ದಾಟಿ ಜೋತುಬೀಳುತ್ತದೆ. ಆಗ ಮೇಲಿನ ಬಾಲ್ ಜಾಯಿಂಟು, ಶಾಫ್ಟು ಎರಡೂ ತಮ್ಮ ಕೊನೆ ಮುಟ್ಟುತ್ತವೆ, ಮೇಲಿನ ಆರ್ಮು ಕಾಯಿಲ್‌ಗೆ ಬಡಿಯಬಹುದು. ಉದ್ದದ ಅಥವಾ ಗಡುಸಾದ ಕಾಯಿಲ್ ಹಾಕಿದರೆ ಈ ಸಮಸ್ಯೆ ಇಲ್ಲ, ಶಾಕ್ ಎಷ್ಟು ಚಾಚುತ್ತದೋ ಅಷ್ಟೇ ಮಿತಿ. ಆದರೆ ಹಳೆ ಶಾಕನ್ನೇ ಉಳಿಸಿಕೊಂಡರೆ ಕೆಳಗಿಳಿಯುವ ಜಾಗ ಕಡಿಮೆಯಾಗಿ, ಹಂಪು ದಾಟುವಾಗಲೆಲ್ಲ ಶಾಕ್ ಪೂರಾ ಚಾಚಿ ಠಕ್ ಅನ್ನುತ್ತದೆ. ಹಾಗಾಗಿ ಕಾಯಿಲ್ ಮತ್ತು ಅದಕ್ಕೆ ಹೊಂದುವ ಶಾಕ್ ಜೊತೆಯಾಗಿಯೇ ಕೊಳ್ಳಿ. ಓಲ್ಡ್ ಮ್ಯಾನ್ ಈಮು, ಐರನ್‌ಮ್ಯಾನ್, ಟಫ್ ಡಾಗ್‌ನಂಥ ಕಂಪನಿಗಳು ಡಿ-ಮ್ಯಾಕ್ಸ್‌ಗೆ ಹೀಗೆ ಜೋಡಿಯಾಗಿಯೇ ಕೊಡುತ್ತವೆ.

ಹಿಂದಕ್ಕೆ ಸಿಗುವ ದಾರಿಗಳು ಹೆಚ್ಚು, ಕೆಟ್ಟವೂ ಹೆಚ್ಚು. ಉದ್ದದ ಶ್ಯಾಕಲ್ (ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿದರೆ ಹೆಚ್ಚಿಸಿದ ಉದ್ದದ ಅರ್ಧ ಮಾತ್ರ ಎತ್ತರವಾಗುತ್ತದೆ, ಜೊತೆಗೆ ಆಕ್ಸಲ್ ತುಸು ತಿರುಗಿ, ಅದಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗುತ್ತದೆ. ಆಕ್ಸಲ್ಲಿಗೂ ಪ್ಲೇಟಿಗೂ ನಡುವೆ ಬ್ಲಾಕ್ ಇಟ್ಟರೆ, ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಆಕ್ಸಲ್ ಪ್ಲೇಟುಗಳನ್ನು ತಿರುಚುವುದು ಇನ್ನೂ ಹೆಚ್ಚಾಗುತ್ತದೆ. ಬ್ಲಾಕಿನ ಮೇಲೆ ಬ್ಲಾಕ್ ಪೇರಿಸುವುದಂತೂ ಬೇಡವೇ ಬೇಡ. ಹಳೆ ಪ್ಲೇಟುಗಳನ್ನೇ ಬಡಿಸಿ ಕಮಾನು ಏರಿಸಿಕೊಡುವವರು ಎಲ್ಲ ಊರಿನಲ್ಲೂ ಇದ್ದಾರೆ. ಕೆಲಸ ಅಗ್ಗ, ಆದರೆ ದಣಿದ ಉಕ್ಕು ಕೆಲವೇ ತಿಂಗಳಲ್ಲಿ ಮತ್ತೆ ಕೂರುತ್ತದೆ. ಹೊಸ ಪೂರ್ತಿ ಸೆಟ್ಟು, ಹೊಸ ಬುಷ್ಷು, ಪ್ಲೇಟನ್ನು ಆಕ್ಸಲ್ಲಿಗೆ ಬಿಗಿಯುವ ಹೊಸ ಯು-ಬೋಲ್ಟು: ಇದೇ ಸರಿ.

ಸೆಟ್ಟು ಆರಿಸುವಾಗ ಎತ್ತರಕ್ಕಿಂತ ಮುಖ್ಯ ತೂಕ. ಒಂದೇ 50 ಮಿ.ಮೀ. ಲಿಫ್ಟ್ ಖಾಲಿ ಗಾಡಿಗೆ, ಸದಾ 200–300 ಕೆ.ಜಿ. ಹೊರುವ ಗಾಡಿಗೆ, 400–500 ಹೊರುವ ಗಾಡಿಗೆ ಅಂತ ಬೇರೆ ಬೇರೆ ಗಡುಸಿನಲ್ಲಿ ಸಿಗುತ್ತದೆ. ಇಲ್ಲಿ ಕೇಳುವುದು ಸದಾ ಹೊರುವ ತೂಕವನ್ನು: ಹಾರ್ಡ್‌ಟಾಪ್, ಟೂಲ್ ಪೆಟ್ಟಿಗೆ, ಬದಿಯ ರ‍್ಯಾಕು. ವರ್ಷಕ್ಕೆ ನಾಲ್ಕು ಸಲ 50 ಕೆ.ಜಿ.ಯ ಎಂಟು ಕಾಫಿ ಮೂಟೆ ಹೇರುತ್ತೀರಿ ಅಂತ 400 ಕೆ.ಜಿ.ಯ ಪ್ಲೇಟು ಹಾಕಿಸಿದರೆ ಉಳಿದ ದಿನವೆಲ್ಲ ಗಾಡಿ ಒದೆಯುತ್ತದೆ, ಜಲ್ಲಿ ರಸ್ತೆಯ ತಿರುವಿನಲ್ಲಿ ಹಿಂಬದಿ ಕುಣಿದು ಪಕ್ಕಕ್ಕೆ ಜಾರುತ್ತದೆ. ಮುಂದೆಯೂ ಹಾಗೆಯೇ: ಉಕ್ಕಿನ ಬಂಪರ್, ವಿಂಚ್ ಇದ್ದರೆ ಅದಕ್ಕೆ ತಕ್ಕ ಕಾಯಿಲ್, ಇಲ್ಲದಿದ್ದರೆ ಮಾಮೂಲಿ ಮೂತಿಯ ಕಾಯಿಲ್. ಗಡುಸು ಪ್ಲೇಟು ಹಾಕಿದ ಮಾತ್ರಕ್ಕೆ ಆರ್‌.ಸಿ.ಯಲ್ಲಿ ಬರೆದ ತೂಕದ ಮಿತಿ ಹೆಚ್ಚುವುದಿಲ್ಲ. ಚಾಸಿ, ಬ್ರೇಕು, ಬೇರಿಂಗು ಎಲ್ಲ ಅವೇ.

ಖಾಲಿ ಪಿಕಪ್ಪಿನ ಹಿಂಭಾಗ ತುಸು ಎತ್ತರ ಕಾಣುವುದು ಬೇಕೆಂದೇ ಇಟ್ಟದ್ದು. ಚೆಂದಕ್ಕೆ ಮುಂದೆ ಮಾತ್ರ ಎತ್ತಿ ಸಮ ಮಾಡಿದರೆ, ಹೇರು ಹಾಕಿದ ದಿನ ಹೆಡ್‌ಲೈಟು ತೆಂಗಿನ ಗರಿ ನೋಡುತ್ತದೆ.

ಕಾನೂನಿನ ಮಾತೂ ಇಲ್ಲೇ ಮುಗಿಸಿಬಿಡೋಣ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಆರ್‌.ಸಿ.ಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ ಜನವರಿ 2019ರಲ್ಲಿ ಇದನ್ನು ಎತ್ತಿಹಿಡಿಯಿತು. ಅನುಮತಿಯಿಲ್ಲದ ಬದಲಾವಣೆಗೆ 182ಎ ಕಲಮಿನಡಿ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಸವೆದ ಭಾಗದ ಜಾಗಕ್ಕೆ ಅದೇ ಅಳತೆಯ ಹೊಸದು ಹಾಕುವುದು ಒಂದು, ಎತ್ತರ ಬದಲಿಸುವುದು ಇನ್ನೊಂದು. ಕೊಳ್ಳುವ ಮೊದಲು ಆರ್‌.ಟಿ.ಒ. ಮತ್ತು ಇನ್ಶೂರೆನ್ಸ್ ಕಂಪನಿ ಎರಡನ್ನೂ ಕೇಳಿ. ಗೂಡ್ಸ್ ಬೋರ್ಡಿನ ಗಾಡಿಯಾದರೆ ಎಂಟು ವರ್ಷದ ಮೇಲೆ ಪ್ರತಿ ವರ್ಷ ಎಫ್‌.ಸಿ. ಇದ್ದೇ ಇದೆ.

ಕೆಲಸಕ್ಕೆ ಬಿಡುವ ಎರಡು ಮೂರು ದಿನ ಮೊದಲಿಂದಲೇ ಶ್ಯಾಕಲ್ ಬೋಲ್ಟು, ಯು-ಬೋಲ್ಟಿನ ನಟ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಹೊಡೆಯಿರಿ. ಮಲೆನಾಡಿನ ಗಾಡಿಯಲ್ಲಿ ಹೆಚ್ಚು ಕಾಡುವುದು ಮುಂದಿನ ಕೆಳ ಆರ್ಮಿನಲ್ಲಿ ಚಕ್ರದ ಕೋನ ಹೊಂದಿಸುವ ಕ್ಯಾಮ್ ಬೋಲ್ಟು. ಬುಷ್ಷಿನ ಒಳಗಿನ ಕಬ್ಬಿಣದ ಕೊಳವೆಗೆ ಬೋಲ್ಟು ತುಕ್ಕು ಹಿಡಿದು ಒಂದಾಗಿ ಅಂಟಿರುತ್ತದೆ. ಸ್ಪ್ಯಾನರ್ ಹಾಕಿದರೆ ಬೋಲ್ಟು ತಿರುಗಿದಂತೆ ಕಾಣುತ್ತದೆ, ನಿಜವಾಗಿ ತಿರುಚುವುದು ರಬ್ಬರು, ಕೈಬಿಟ್ಟ ಕೂಡಲೇ ಹಿಂದಕ್ಕೆ ಬರುತ್ತದೆ. ಅಲೈನ್‌ಮೆಂಟ್ ಅಂಗಡಿಯವರು “ಅಡ್ಜಸ್ಟ್ ಆಗ್ತಿಲ್ಲ ಸಾರ್” ಅನ್ನುವುದು ಇದಕ್ಕೇ. ಗ್ರೈಂಡರಿನಲ್ಲಿ ಕತ್ತರಿಸಿ ಹೊಸ ಬೋಲ್ಟು, ಬುಷ್ಷು ಹಾಕದೆ ಬೇರೆ ದಾರಿಯಿಲ್ಲ. ಲಿಫ್ಟ್ ಆದ ಗಾಡಿಗೆ ಈ ಹೊಂದಿಕೆ ಬೇಕೇ ಬೇಕು, ಯಾಕೆಂದರೆ ಎತ್ತರ ಏರಿದಾಗ ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲುವ ಕೋನ), ಟೋ (ಚಕ್ರ ಒಳಹೊರಗೆ ತಿರುಗಿರುವ ಕೋನ) ಬದಲಾಗಿ ಕ್ಯಾಸ್ಟರ್ (ಸ್ಟೇರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿದ ಕೋನ) ಕಡಿಮೆಯಾಗುತ್ತದೆ. ಕ್ಯಾಸ್ಟರ್ ಸಾಲದಿದ್ದರೆ ತಿರುವಿನ ನಂತರ ಸ್ಟೇರಿಂಗ್ ತಾನಾಗಿ ಮರಳುವುದಿಲ್ಲ, ಹೈವೇಯಲ್ಲಿ ಗಾಡಿ ಅಲೆಯುತ್ತದೆ. ಕ್ಯಾಮ್ ಬೋಲ್ಟಿನಲ್ಲಿ ಸಿಗದಷ್ಟು ಬೇಕಾದರೆ ಮೇಲಿನ ಆರ್ಮುಗಳನ್ನೇ ಬದಲಿಸಬೇಕು.

ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಗಾಡಿ ಜ್ಯಾಕಿನ ಮೇಲಿರುವಾಗಲೇ ಪೂರಾ ಬಿಗಿಯುವುದು ಗ್ಯಾರೇಜುಗಳ ಮಾಮೂಲಿ ತಪ್ಪು. ಗಾಡಿ ಇಳಿಸಿದ ಕೂಡಲೇ ಆ ಬುಷ್ಷು ಸದಾ ತಿರುಚಿದ ಸ್ಥಿತಿಯಲ್ಲಿ ಉಳಿದು ಬೇಗ ಹರಿಯುತ್ತದೆ. ಚಕ್ರ ನೆಲಕ್ಕೆ ತಾಗಿ ತೂಕ ಬಿದ್ದ ಮೇಲೆಯೇ ಕೊನೆಯ ಬಿಗಿ. ಲೀಫ್ ಸೆಟ್ಟಿನ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪ್ಯಾಡಿನ ತೂತಿನಲ್ಲಿ ಸರಿಯಾಗಿ ಕೂತಿದೆಯೇ ಕಣ್ಣಾರೆ ನೋಡಿ, ಆಮೇಲೆ ಯು-ಬೋಲ್ಟುಗಳನ್ನು ಮೂಲೆಯಿಂದ ಮೂಲೆಗೆ ಸಮನಾಗಿ ಬಿಗಿಸಿ. ಹಳೆ ಯು-ಬೋಲ್ಟು ಒಮ್ಮೆ ಎಳೆದು ಉದ್ದವಾಗಿರುತ್ತದೆ, ಮತ್ತೆ ಹಾಕಬೇಡಿ. ಕೆಳಗಿಳಿಸುವ ಮುನ್ನ ಚಕ್ರ ಪೂರಾ ಜೋತಾಡುವಾಗ ಸ್ಟೇರಿಂಗನ್ನು ಎರಡೂ ಕಡೆ ಕೊನೆವರೆಗೆ ತಿರುಗಿಸಿ, ಬ್ರೇಕ್ ಹೋಸು, ಎಬಿಎಸ್ ವೈರು ಎಳೆದುಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಓಡಿಸುವಾಗ 20–40 ಕಿ.ಮೀ. ವೇಗದಲ್ಲಿ, ಅದೂ ನಿಂತಲ್ಲಿಂದ ಎಳೆಯುವಾಗ, ಸೀಟಿನ ಕೆಳಗೆ ನಡುಕ ಬಂದರೆ ಗಾಬರಿಯಾಗಿ ಟೈರ್ ಬ್ಯಾಲೆನ್ಸಿಂಗಿಗೆ ಓಡಬೇಡಿ. ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟಿನ ಕೋನ ನಡುವಿನ ಬೇರಿಂಗಿನಲ್ಲಿ ಕೆಟ್ಟಿದ್ದಕ್ಕೆ ಬರುವ ನಡುಕ ಅದು. ಬೇರಿಂಗಿನ ಬ್ರಾಕೆಟ್ಟಿನ ಕೆಳಗೆ ಹತ್ತು ಮಿ.ಮೀ. ಆಸುಪಾಸಿನ ಪ್ಯಾಕಿಂಗ್ ಕೊಟ್ಟು ಇಳಿಸಿದರೆ ಹೆಚ್ಚಿನ ಗಾಡಿಗಳಲ್ಲಿ ನಿಲ್ಲುತ್ತದೆ.

500 ಕಿ.ಮೀ. ಆದ ಮೇಲೆ ಯು-ಬೋಲ್ಟುಗಳನ್ನು ಮತ್ತೆ ಬಿಗಿಸಿ, ಆಗಲೇ ಇನ್ನೊಮ್ಮೆ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟಿನ ಬೆಳಕು ಬೀಳುವ ಎತ್ತರ ಇಳಿಸಿಕೊಳ್ಳಿ. ಹೊಸ ಸ್ಪ್ರಿಂಗು 5–10 ಮಿ.ಮೀ. ಕೂರುವುದು ಸಹಜ. ಹಳೆ ಚೀಟಿ ತೆಗೆದು ಹಬ್ಬಿನಿಂದ ಮತ್ತೆ ಅಳೆಯಿರಿ. ಎಡಬಲದ ನಡುವೆ ವ್ಯತ್ಯಾಸ ಇನ್ನೂ ಉಳಿದಿದ್ದರೆ ತಗ್ಗಿದ ಕಡೆಯ ಕಾಯಿಲ್ ಮೇಲೆ ತೆಳು ಟ್ರಿಮ್ ಪ್ಯಾಕರ್ ಸಾಕು, 5 ಮಿ.ಮೀ. ಹಾಕಿದರೆ ಚಕ್ರದಲ್ಲಿ 10ರಷ್ಟು ಬರುತ್ತದೆ.