ಫೇಸ್‌ಲಿಫ್ಟ್ ಇಳಿದಿದೆ, ಇನ್ನೊಮ್ಮೆ ಎಳೀತೀರಾ?

"ಡಾಕ್ಟ್ರೇ, ಒಂಬತ್ತು ವರ್ಷದ ಹಿಂದೆ ಫೇಸ್‌ಲಿಫ್ಟ್ ಮಾಡಿಸಿದ್ದೆ. ಈಗ ಮತ್ತೆ ಎಲ್ಲಾ ಜೋತುಬಿದ್ದಿದೆ. ಇನ್ನೊಮ್ಮೆ ಎಳೆದುಬಿಡ್ತೀರಾ?"

ನಾನು ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಸರ್ಜನ್. ಫೇಸ್‌ಲಿಫ್ಟ್ ಅಂದರೆ ಜೋತುಬಿದ್ದ ಮುಖವನ್ನು ಆಪರೇಷನ್ ಮಾಡಿ ಎತ್ತಿ ಬಿಗಿಯುವುದು. ಡಿಸೆಂಬರ್ ಬಂತೆಂದರೆ ಈ ಪ್ರಶ್ನೆ ಜಾಸ್ತಿಯಾಗುತ್ತದೆ. ಅಮೆರಿಕದಿಂದ ರಜಕ್ಕೆ ಬಂದವರು ಕೇಳುತ್ತಾರೆ, ಮಗನ ಮದುವೆ ಗೊತ್ತುಮಾಡಿಕೊಂಡವರು ಕೇಳುತ್ತಾರೆ. ಗಂಡಸರೂ ಕೇಳುತ್ತಾರೆ, ಸ್ವಲ್ಪ ದನಿ ತಗ್ಗಿಸಿ. ಕೇಳುವಾಗ ಎಲ್ಲರ ಕೈಯೂ ಒಂದೇ ಕೆಲಸ ಮಾಡುತ್ತದೆ. ಕಿವಿಯ ಮುಂದೆ ಎರಡೆರಡು ಬೆರಳಿಟ್ಟು ಕೆನ್ನೆಯನ್ನು ಹಿಂದಕ್ಕೆ ಎಳೆದು "ಇಷ್ಟೇ ಸಾಕು" ಅನ್ನುತ್ತಾರೆ. ನಾನೂ ಕನ್ನಡಿ ಮುಂದೆ ಹಾಗೆ ಎಳೆದು ನೋಡಿಕೊಂಡವನೇ.

ನನ್ನ ಉತ್ತರ ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ. ಎಳೆಯುವ ಮಾತು ಆಮೇಲೆ, ಇಳಿದದ್ದು ಯಾವುದು ಅಂತ ಮೊದಲು ನೋಡೋಣ ಅನ್ನುತ್ತೇನೆ.

ನವಾರದ ಮಂಚ ನೆನಪಿದೆಯಾ? ಮುಖವೂ ಹೆಚ್ಚುಕಡಿಮೆ ಹಾಗೇ. ಮರದ ಚೌಕಟ್ಟು ಅಂದರೆ ಮೂಳೆ. ಬಿಗಿದ ನವಾರ ಅಂದರೆ ಚರ್ಮದ ಕೆಳಗಿನ ‘ಸ್ಮಾಸ್’ ಎಂಬ ಪದರ. ಹತ್ತಿ ಹಾಸಿಗೆ ಕೊಬ್ಬು, ಮೇಲುಹಾಸು ಚರ್ಮ. ಮೊದಮೊದಲ ಫೇಸ್‌ಲಿಫ್ಟ್‌ಗಳಲ್ಲಿ ಮೇಲುಹಾಸನ್ನಷ್ಟೇ ಎಳೆದು ಹೊಲಿಯುತ್ತಿದ್ದರು. ಅದು ಬೇಗ ಸಡಿಲವಾಗುತ್ತಿತ್ತು. 1976ರಲ್ಲಿ ಫ್ರಾನ್ಸಿನ ಮಿಟ್ಸ್ ಮತ್ತು ಪೆರೋನಿ ಸ್ಮಾಸ್ ಪದರವನ್ನು ವಿವರಿಸಿದ ಮೇಲೆ ಸರ್ಜನ್‌ಗಳು ನವಾರಕ್ಕೇ ಕೈಹಾಕಿದರು. 1990ರಲ್ಲಿ ಅಮೆರಿಕದ ಸ್ಯಾಮ್ ಹಮ್ರಾ ಅದರ ಅಡಿಗೂ ಇಳಿದು ‘ಡೀಪ್ ಪ್ಲೇನ್’ ವಿಧಾನವನ್ನು ಬರೆದರು. ಚೆನ್ನಾಗಿ ಮಾಡಿದ ಲಿಫ್ಟ್ ಸಾಮಾನ್ಯವಾಗಿ 7ರಿಂದ 10 ವರ್ಷ ಬಾಳುತ್ತದೆ. ಆಮೇಲೂ ಪೂರ್ತಿ ಹೋಗುವುದಿಲ್ಲ. ಮಾಡಿಸದೇ ಇದ್ದಿದ್ದರೆ ಎಷ್ಟು ಜೋಲುತ್ತಿತ್ತೋ ಅದಕ್ಕಿಂತ ಮೇಲೇ ಇರುತ್ತದೆ.

ಆದರೆ ನವಾರ ಬಿಗಿದರೆ ಹಾಸಿಗೆಯ ಹತ್ತಿ ಉಬ್ಬುತ್ತದೆಯೇ? ಅಷ್ಟು ವರ್ಷದಲ್ಲಿ ಕೆನ್ನೆ, ಕಣತಲೆಯ ಕೊಬ್ಬು ಕರಗಿರುತ್ತದೆ. ಕಣ್ಣಿನ ಗೂಡು ಅಗಲವಾಗಿರುತ್ತದೆ. ದವಡೆಯ ಮೂಳೆಯೂ ಸವೆದಿರುತ್ತದೆ.

ಹೋದ ವರ್ಷ ಬಂದ 66 ವರ್ಷದ ಒಬ್ಬರ ಕತೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಅಲ್ಲಲ್ಲಿ ಬದಲಿಸಿದ್ದೇನೆ. ಅವರ ಮೂರು ಫೋಟೋ ಪಕ್ಕಪಕ್ಕ ಇಟ್ಟೆ. ನಲವತ್ತರದ್ದು, ಮೊದಲ ಲಿಫ್ಟಿನ ಹಿಂದಿನ ದಿನದ್ದು, ಇವತ್ತಿನದು. ನಡುವಿನದನ್ನು ನೋಡಿ "ಅಯ್ಯೋ, ಆಗ ಇಷ್ಟು ಜೋತುಬಿದ್ದಿತ್ತಾ!" ಅಂದರು. ಕುತ್ತಿಗೆ, ದವಡೆಯ ಅಂಚು ಇವತ್ತಿಗೂ ಚೆನ್ನಾಗಿಯೇ ಇದ್ದವು. ಗುಳಿ ಬಿದ್ದದ್ದು ಕೆನ್ನೆ. ವಿಚಾರಿಸಿದಾಗ ಎರಡು ವಿಷಯ ಹೊರಬಂತು. ಶುಗರ್‌ಗೆ ಅಂತ ತೆಗೆದುಕೊಂಡ ಇಂಜೆಕ್ಷನ್ನಿನಿಂದ ವರ್ಷದಲ್ಲಿ 11 ಕಿಲೋ ಇಳಿದಿದ್ದರು. ನಾಲ್ಕು ದವಡೆಹಲ್ಲು ಕೀಳಿಸಿ ಹಾಗೇ ಬಿಟ್ಟಿದ್ದರು. ಲಿಫ್ಟ್ ಇಳಿದೇ ಇರಲಿಲ್ಲ, ಹಾಸಿಗೆ ತೆಳ್ಳಗಾಗಿತ್ತು ಅಷ್ಟೇ. ಅಂಥ ಮುಖವನ್ನು ಮತ್ತೆ ಎಳೆದರೆ ತಮಟೆಗೆ ಚರ್ಮ ಬಿಗಿದ ಹಾಗಾಗುತ್ತದೆ. ತೂಕ ಇಳಿಸುವ ಇಂಜೆಕ್ಷನ್‌ಗಳು 2025ರಲ್ಲಿ ನಮ್ಮ ಮಾರುಕಟ್ಟೆಗೆ ಜೋರಾಗಿ ಬಂದ ಮೇಲೆ ಇಂಥ ಕೆನ್ನೆಗಳನ್ನು ಜಾಸ್ತಿ ನೋಡುತ್ತಿದ್ದೇನೆ. ತೂಕ ಒಂದು ಕಡೆ ನಿಂತು ಆರು ತಿಂಗಳಾದರೂ ಆಗಲಿ, ಅಲ್ಲಿಯವರೆಗೆ ಕತ್ತರಿಗೆ ಕೆಲಸವಿಲ್ಲ.

ಕೊಬ್ಬು ಕರಗಿದ್ದರೆ ತುಂಬಬೇಕು. ಅದಕ್ಕೆ ಎರಡು ದಾರಿ. ಹೊಟ್ಟೆ ಅಥವಾ ತೊಡೆಯಿಂದ ನಿಮ್ಮದೇ ಕೊಬ್ಬನ್ನು ತೆಗೆದು, ಸೋಸಿ, ಕೆನ್ನೆಗೆ ಹನಿಹನಿಯಾಗಿ ಹಾಕುವುದು ಒಂದು. ಹಾಕಿದ್ದರಲ್ಲಿ ಒಂದು ಪಾಲು ಮೈಯೇ ಹೀರಿಬಿಡುತ್ತದೆ, ಉಳಿದದ್ದು ಬಹುಕಾಲ ನಿಲ್ಲುತ್ತದೆ. ಇನ್ನೊಂದು ಹೈಯಲುರಾನಿಕ್ ಆಸಿಡ್ ಫಿಲ್ಲರ್, ಅಂದರೆ ಚುಚ್ಚಿ ತುಂಬುವ ಜೆಲ್. ತಿಂಗಳುಗಟ್ಟಲೆ ಇರುತ್ತದೆ, ಕೆಲವರಲ್ಲಿ ವರ್ಷಗಟ್ಟಲೆ. ಇಷ್ಟವಾಗದಿದ್ದರೆ ಹೈಯಲುರಾನಿಡೇಸ್ ಎಂಬ ಮದ್ದು ಚುಚ್ಚಿ ಕರಗಿಸಬಹುದು. ಆದರೆ ಫಿಲ್ಲರ್ ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಕಣ್ಣೂ ಹೋಗಬಹುದು. ಹಾಗಾಗಿ ಪಾರ್ಲರಿನಲ್ಲಿ ಇದನ್ನು ಖಂಡಿತ ಮಾಡಿಸಬೇಡಿ. ಕ್ಲಿನಿಕ್ಕಿನಲ್ಲೂ "ಕರಗಿಸುವ ಮದ್ದು ಈಗ ಇಲ್ಲೇ ಇದೆಯಾ?" ಅಂತ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಎದ್ದು ಬನ್ನಿ.

ಚರ್ಮ ಮಾತ್ರ ಮಂಕಾಗಿದ್ದರೆ, ಸಣ್ಣ ಗೆರೆಗಳಿದ್ದರೆ, ಅದಕ್ಕೆ ಲೇಸರ್ ಅಥವಾ ಪೀಲ್ (ಮದ್ದು ಹಚ್ಚಿ ಮೇಲ್ಪದರ ಸುಲಿಸುವುದು). ನಮ್ಮ ಬಣ್ಣಕ್ಕೆ ಇಲ್ಲೊಂದು ತಕರಾರಿದೆ. ಬಿಳಿಯರ ಚರ್ಮಕ್ಕೆ ಹೊಂದುವಷ್ಟು ಜೋರಿನಲ್ಲಿ ಲೇಸರ್ ಹೊಡೆದರೆ ನಮ್ಮಲ್ಲಿ ಕಪ್ಪು ಕಲೆ ಉಳಿಯಬಹುದು. ನಿಧಾನವಾಗಿ, ಹಲವು ಸಲ ಮಾಡಿಸುವುದೇ ಮೇಲು. ಕುತ್ತಿಗೆಯಲ್ಲಿ ಹಗ್ಗದ ಹಾಗೆ ಎದ್ದ ಪಟ್ಟಿಗಳಿಗೆ ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಕೆಲಸ ಮಾಡುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಪರಿಣಾಮ ಮೂರು ನಾಲ್ಕು ತಿಂಗಳು.

ಅಲ್ಟ್ರಾಸೌಂಡಿನಿಂದ ಚರ್ಮ ಬಿಗಿಯುವ ಯಂತ್ರಗಳು? ಸ್ವಲ್ಪ ಸಡಿಲವಿದ್ದರೆ ಸ್ವಲ್ಪ ಬಿಗಿಯುತ್ತವೆ, ಅದಕ್ಕೂ ಎರಡು ಮೂರು ತಿಂಗಳು ಕಾಯಬೇಕು. ತೆಳ್ಳಗಿನ ಮುಖಕ್ಕೆ ನಾನು ಬೇಡ ಅನ್ನುತ್ತೇನೆ, ಇರುವ ಕೊಬ್ಬೂ ಕರಗಿದರೆ ಕಷ್ಟ. ದಾರ ಹಾಕಿ ಎತ್ತುವುದಂತೂ ನನಗೆ ಹಿಡಿಸಿದ್ದೇ ಇಲ್ಲ. ದಾರ ಕರಗುತ್ತದೆ, ಎತ್ತಿದ್ದು ಇಳಿಯುತ್ತದೆ, ಒಳಗಿನ ಗಾಯದ ಗಂಟು ಮುಂದಿನ ಸರ್ಜನ್‌ಗೆ ಸಿಗುತ್ತದೆ.

ಸರಿ, ನವಾರವೇ ಸಡಿಲವಾಗಿದೆ ಅಂದುಕೊಳ್ಳಿ. ಆಗ ಎರಡನೇ ಲಿಫ್ಟ್ ಒಳ್ಳೆಯ ಆಯ್ಕೆಯೇ. ದವಡೆಯ ಅಂಚಿನಲ್ಲಿ ಅಷ್ಟಿಷ್ಟು ಜೋತಿದ್ದರೆ ಜಾಗಕ್ಕಷ್ಟೇ ಮರಗಟ್ಟಿಸಿ ಸಣ್ಣ ‘ಟಕ್’ (ಎಳೆದು ಹೊಲಿಯುವುದು) ಮಾಡಬಹುದು. ದೊಡ್ಡದಾದರೆ ಹಳೇ ಗಾಯದ ಗೆರೆಯಲ್ಲೇ ಮತ್ತೆ ತೆರೆಯುತ್ತೇವೆ. ಒಳಗೆ ಗುರುತುಗಳೆಲ್ಲ ಅದಲುಬದಲಾಗಿರುತ್ತವೆ. ಮುಖದ ನರ ಇರಬೇಕಾದ ಆಳದಲ್ಲಿ ಇರದೆ ಮೇಲೆಯೇ ಸಿಗಬಹುದು. ತೆಗೆಯಲು ಹೆಚ್ಚುವರಿ ಚರ್ಮ ಇರುವುದೂ ಕಡಿಮೆ. ದುರಾಸೆಯಿಂದ ಎಳೆದವರ ಗುರುತು ಕಿವಿಯ ಹತ್ತಿರ ಉಳಿಯುತ್ತದೆ. ಹಾಲೆ ಕೆಳಕ್ಕೆ ಜಗ್ಗಿ ಕೆನ್ನೆಗೆ ಅಂಟಿಕೊಂಡಿರುತ್ತದೆ, ಕಿವಿ ಪಕ್ಕದ ಕೂದಲು ಮೇಲಕ್ಕೆ ಹೋಗಿರುತ್ತದೆ. ಮೊದಲ ಸಲ ಹೀಗೆ ಆಗಿದ್ದರೆ ಎರಡನೇ ಸಲ ಒಂದಷ್ಟು ಸರಿಮಾಡಬಹುದು. ಕಿವಿಗೆ ಹೋಗುವ ನರಕ್ಕೆ ಪೆಟ್ಟಾಗಿ ಹಾಲೆ ಮರಗಟ್ಟುವುದೂ ಉಂಟು. ಒಬ್ಬರು ಓಲೆ ಬಿದ್ದುಹೋದದ್ದೇ ಗೊತ್ತಾಗಲಿಲ್ಲ ಅಂತ ಪೇಚಾಡಿದ್ದರು.

ಬಿಪಿ ಹತೋಟಿಯಲ್ಲಿಲ್ಲದಿದ್ದರೆ ಒಳಗೆ ರಕ್ತ ಸೋರಿ ಹೆಪ್ಪುಗಟ್ಟಬಹುದು. ಬೀಡಿ, ಸಿಗರೇಟು, ಹೊಗೆಸೊಪ್ಪು ನಾಲ್ಕು ವಾರ ಮುಂಚೆಯೇ ನಿಲ್ಲಬೇಕು, ಇಲ್ಲದಿದ್ದರೆ ಕಿವಿಯ ಹಿಂದಿನ ಚರ್ಮ ಕಪ್ಪಾಗಿ ಸತ್ತುಹೋಗಬಹುದು. ಇನ್ನು ಮದುವೆಗೆ ಮೂರೇ ವಾರ ಇದೆ ಅಂತ ಓಡಿಬರಬೇಡಿ. ಮೊದಲೆರಡು ವಾರ ಊತ, ನೀಲಿ ಕಲೆ. ಆರತಕ್ಷತೆಯ ಫೋಟೋದಲ್ಲಿ ನೀವೇ ಬೇರೆ ಕಾಣುತ್ತೀರಿ. ಮೂರು ತಿಂಗಳಾದರೂ ಕೈಯಲ್ಲಿರಲಿ.

ಬರುವಾಗ ಮೊದಲ ಆಪರೇಷನ್ನಿನ ಡಿಸ್ಚಾರ್ಜ್ ಸಮ್ಮರಿ, ಹಾಕಿಸಿಕೊಂಡ ಫಿಲ್ಲರಿನ ಹೆಸರು, ಹಳೇ ಫೋಟೋಗಳು ಇದ್ದರೆ ತನ್ನಿ. ಸರ್ಜನ್‌ಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಇದೆಯಾ ನೋಡಿ, ನಾನಾದರೂ ಸರಿ. ವಿಮೆ ಇದಕ್ಕೆ ದುಡ್ಡು ಕೊಡುವುದಿಲ್ಲ, ಮೇಲೆ ಜಿಎಸ್‌ಟಿಯೂ ಬೀಳುತ್ತದೆ. ಮೊದಲೇ ಲೆಕ್ಕ ಹಾಕಿಕೊಳ್ಳಿ.

ಆ 66ರ ಅಮ್ಮ ಮೊದಲು ಮುನಿಸಿಕೊಂಡು ಹೋದರು. ಆಮೇಲೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಹಲ್ಲು ಕಟ್ಟಿಸಿಕೊಂಡರು. ತೂಕ ನಿಂತ ಮೇಲೆ ಕೆನ್ನೆಗೆ ಒಂದಿಷ್ಟು ಕೊಬ್ಬು ಹಾಕಿದೆ. ಈಗ ಎರಡನೇ ಲಿಫ್ಟಿನ ಮಾತೆತ್ತುವುದಿಲ್ಲ. ಜುಮಕಿ ಹಾಕಿ ಹಾಕಿ ಉದ್ದವಾದ ಕಿವಿಯ ತೂತು ಹೊಲಿಸಿಕೊಳ್ಳಲು ಮುಂದಿನ ತಿಂಗಳು ಬರುತ್ತಾರಂತೆ.